ಗರಡಿಯ ಬಾಗಿಲು ಯಾರಿಗೆ ತೆರೆದಿದೆ?

ಚಿನ್ನದ ನಿಕ್ಷೇಪಗಳನ್ನು ಅರಸುತ್ತಿದ್ದ ಬೀಡನ್ ಎಂಬ ಎಂಜಿನಿಯರನ ಕಣ್ಣಿಗೆ 1915ರಲ್ಲಿ ಮಸ್ಕಿಯ ಬಂಡೆಯ ಮೇಲಿನ ಬರಹವು ಬಿದ್ದಿತು. ಅಶೋಕನೆಂಬ ಹೆಸರು ಅವನದೇ ಶಾಸನದಲ್ಲಿ ಮೊದಲು ದೊರೆತುದು ಅಲ್ಲಿಯೇ ಎಂಬ ಹೆಮ್ಮೆಯು ನಮಗುಂಟು. ಆದರೆ ಶಾಸನವು ಹೇಳುವುದೇನೆಂದು ಕೇಳುವವರು ಕಡಿಮೆ. ಸಾಧನೆಯು ದೊಡ್ಡವರಿಗೆ ಮಾತ್ರ ದಕ್ಕುವುದೆಂದು ತಿಳಿಯಬಾರದು, ಧರ್ಮನಿರತನಾದ ಸಾಮಾನ್ಯನಿಗೂ ಅದು ದಕ್ಕುವುದೆಂಬುದು ಅದರ ತಾತ್ಪರ್ಯ. ಅದು ಧರ್ಮದ ಮಾತು. ನಾವು ಇಲ್ಲಿ ಎತ್ತಿಕೊಂಡಿರುವುದು ದೇಹಬಲದ ಮಾತು.

ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಸೀಮೆಯು ತೋಳಬಲವನ್ನು ನಂಬಿದ ಸೀಮೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಬೆಳೆದ ಭತ್ತದ ಚೀಲಗಳನ್ನು ಹೊರುವ ಹಮಾಲಿಯೂ, ಹಟ್ಟಿಯ ಗಣಿಯಲ್ಲಿ ದುಡಿಯುವ ಕಾರ್ಮಿಕನೂ ಇದಕ್ಕೆ ಸಾಕ್ಷಿ. ಜಾತ್ರೆಯಲ್ಲಿ ಗುಂಡು ಎತ್ತಿದವನಿಗೆ ಊರೇ ಚಪ್ಪಾಳೆ ತಟ್ಟುತ್ತದೆ. ಆದರೆ ಆಟಿಸಂ ಇರುವ, ಡೌನ್ ಸಿಂಡ್ರೋಮ್ ಇರುವ, ಬುದ್ಧಿಯ ಬೆಳವಣಿಗೆ ನಿಧಾನವಾದ ಹುಡುಗನನ್ನು ತಾಲೀಮಿಗೆ ಕರೆತಂದರೆ, ‘ಅವನಿಗೇನು ತಿಳಿದೀತು?’ ಎಂಬ ಮಾತು ಹೊರಡುತ್ತದೆ. ಹುಡುಗಿಯಾದರೆ ಕರೆತರುವ ಯೋಚನೆಯೇ ಹುಟ್ಟದು.

ಇದರ ಫಲವನ್ನು ಮನೆಯವರು ಉಣ್ಣುತ್ತಾರೆ. ಐದು ವರ್ಷದ ಮಗನನ್ನು ತಾಯಿ ಎತ್ತಿ ಕೂರಿಸಬಲ್ಲಳು. ಇಪ್ಪತ್ತರ ಮಗನು ತಾನಾಗಿ ಏಳದಿದ್ದರೆ ಅವಳ ನಡು ಮುರಿಯುತ್ತದೆ. ಇನ್ನು ಮೈ ಗಟ್ಟಿಯಿದ್ದವನನ್ನು ಹೊರೆ ಹೊರಲು ಕರೆದು, ಕೂಲಿ ಕೊಡುವಾಗ ಬುದ್ಧಿಯಿಲ್ಲವೆಂದು ಅರ್ಧ ಕೊಡುವವರು ನಮ್ಮಲ್ಲಿಲ್ಲವೆಂದು ಎದೆ ಮುಟ್ಟಿ ಹೇಳುವವರಾರು?

ವೈದ್ಯಶಾಸ್ತ್ರದಲ್ಲಿ ಈಗ ಸಂಶಯಕ್ಕೆ ಎಡೆಯಿಲ್ಲ. ಅಂಗವೈಕಲ್ಯವುಳ್ಳ ಮಕ್ಕಳಿಗೆ ವಾರಕ್ಕೆ 3 ದಿನ, ವಯಸ್ಕರಿಗೆ 2 ದಿನವಾದರೂ ಸ್ನಾಯುಬಲದ ವ್ಯಾಯಾಮವಿರಲೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸೂಚಿಸಿತು. ಆಸ್ಟ್ರೇಲಿಯದಲ್ಲಿ ಡೌನ್ ಸಿಂಡ್ರೋಮ್ ಉಳ್ಳ 68 ಮಂದಿ ಹರೆಯದವರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ವಾರಕ್ಕೆರಡು ಸಲದಂತೆ 10 ವಾರ ಭಾರ ಎತ್ತಿದವರ ಕೈಕಾಲುಗಳ ಬಲವು ಹೆಚ್ಚಿತು. ಪರೀಕ್ಷೆಗಾಗಿ ಒಡ್ಡಿದ ಕೆಲಸಗಳಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲವೆಂಬುದನ್ನೂ ಮುಚ್ಚಿಡಬಾರದು. ಅವರ ಜೊತೆಗೆ ನಿಂತು ವ್ಯಾಯಾಮ ಮಾಡಿಸಿದವರು ಫಿಸಿಯೊಥೆರಪಿ ವಿದ್ಯಾರ್ಥಿಗಳು.

ನಮ್ಮ ಉಸ್ತಾದರಿಗೆ ಇದು ಅಸಾಧ್ಯವೇನಲ್ಲ. ಗರಡಿಯ ಹಳೆಯ ಕ್ರಮವೇ ಆಟಿಸಂ ಇರುವವನಿಗೆ ಒಗ್ಗುವಂಥದು: ದಿನವೂ ಅದೇ ವೇಳೆ, ಅದೇ ಜಾಗ, ಅದೇ ದಂಡ, ಅದೇ ಬಸ್ಕಿ. ಹೇಳುವುದಕ್ಕಿಂತ ಮಾಡಿ ತೋರಿಸಬೇಕು. ಒಮ್ಮೆಗೆ ಒಂದೇ ಮಾತು ಆಡಬೇಕು. ಎಣಿಕೆ ತಪ್ಪುವವನ ಮುಂದೆ ಹತ್ತು ಹರಳುಗಳನ್ನಿಟ್ಟು, ಒಂದು ಬಸ್ಕಿಗೆ ಒಂದು ಹರಳನ್ನು ಅತ್ತ ಸರಿಸಿದರೆ ಕೆಲಸ ಎಷ್ಟು ಉಳಿಯಿತೆಂದು ಅವನಿಗೇ ಕಾಣುತ್ತದೆ. ಇಂದಿನ ಜಿಮ್ಮುಗಳ ಅಬ್ಬರದ ಸಂಗೀತವನ್ನು ನಿಲ್ಲಿಸಬೇಕು (ಅದರಿಂದ ಉಳಿದವರಿಗೂ ನಷ್ಟವಿಲ್ಲ). ಹೇಳದೆ ಮೈಮುಟ್ಟಬಾರದು. ಕಬ್ಬಿಣದ ಗುಂಡಿಗೆ ಮೊದಲು ಅರ್ಧ ತುಂಬಿದ ಉಸುಕಿನ ಚೀಲ ಸಾಕು.

ಆದರೆ ಎಚ್ಚರಿಕೆಗಳುಂಟು. ಡೌನ್ ಸಿಂಡ್ರೋಮ್ ಉಳ್ಳವರಲ್ಲಿ ಕೀಲುಗಳು ಸಡಿಲ. ಕೆಲವರಿಗೆ ಕತ್ತಿನ ಮೇಲಿನ ಮೂಳೆಗಳ ಜೋಡಣೆ ಭದ್ರವಿರದು, ಹಲವರಿಗೆ ಹುಟ್ಟಿನಿಂದ ಹೃದಯದೋಷವಿರುತ್ತದೆ. ವೈದ್ಯರು ನೋಡಿ ಒಪ್ಪುವ ಮುನ್ನ ಭಾರವೂ ಕುಸ್ತಿಯ ಪಟ್ಟುಗಳೂ ಬೇಡ. ಶೀರ್ಷಾಸನವಂತೂ ಬೇಡವೇ ಬೇಡ. ಮೂರ್ಛೆ ಬರುವವನ ಪಕ್ಕದಲ್ಲಿ ಸದಾ ಒಬ್ಬರಿರಬೇಕು.

ಕಾನೂನೂ ನಮ್ಮ ಪರವಾಗಿದೆ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಹಿಂದಿನ 7 ವರ್ಗಗಳನ್ನು 21ಕ್ಕೆ ಏರಿಸಿ ಆಟಿಸಂ, ಕಲಿಕೆಯ ನ್ಯೂನತೆಗಳನ್ನು ಸೇರಿಸಿಕೊಂಡಿತು. ಅದರ 30ನೆಯ ಕಲಮು ಇವರನ್ನು ಕ್ರೀಡೆಯಲ್ಲಿ ಸೇರಿಸಿಕೊಳ್ಳುವ ಹೊಣೆಯನ್ನು ಸರಕಾರದ ಮೇಲಿರಿಸಿದೆ. ಗ್ರಾಮ ಪಂಚಾಯತಿಗಳಲ್ಲಿ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಯಾವ ಮನೆಯಲ್ಲಿ ಯಾರಿದ್ದಾರೆಂಬುದನ್ನು ತಿಳಿದವರು ಅವರೇ. ಮೂರೂ ತಾಲೂಕುಗಳ ಅಧಿಕಾರಿಗಳು ಇದಕ್ಕಾಗಿ ಹೊಸ ಕಟ್ಟಡದ ಅಂದಾಜುಪಟ್ಟಿ ಬರೆಯುತ್ತ ಕೂಡಬೇಕಿಲ್ಲ. ಇರುವ ವ್ಯಾಯಾಮಶಾಲೆಯಲ್ಲಿ ವಾರಕ್ಕೆ ಮೂರು ದಿನ, ಗದ್ದಲವಿಲ್ಲದ ಒಂದು ತಾಸನ್ನು ತೆಗೆದಿರಿಸಿ, ಒಬ್ಬ ಉಸ್ತಾದನಿಗೆ ಗೌರವಧನ ಗೊತ್ತುಮಾಡಿದರೆ ಆರಂಭಕ್ಕೆ ಸಾಕು. ಹುಡುಗಿಯರಿಗೆ ಬೇರೆ ವೇಳೆಯಿರಲಿ, ಕಲಿಸಲು ಹೆಂಗಸೊಬ್ಬರಿರಲಿ. ಮೊದಲ ತಿಂಗಳು ತಾಯಂದಿರಿಗೂ ಒಳಗೆ ಕೂಡಲು ಒಂದು ಬೆಂಚು ಹಾಕಿಸಲಿ.