ಬಿಲ್ ಪ್ರಿಂಟರ್ ಪದೇಪದೇ ಕೈಕೊಡ್ತಿದೆಯಾ? ಹೊಸದು ತರೋ ಮುಂಚೆ ಇದನ್ನ ಓದಿ

ಮುಧೋಳ: ಸಂಜೆ ಗಿರಾಕಿ ತುಂಬಿದ ಹೊತ್ತಿಗೇ ಬ್ಲೂಟೂತ್ ಬಿಲ್ ಪ್ರಿಂಟರ್ ಅರ್ಧಕ್ಕೆ ನಿಲ್ತದೆ. ಮುಂಜಾನೆ ಬಾಗಿಲು ತೆಗೆದಾಗ ಅದೇ ಪ್ರಿಂಟರ್ ಸರಿ ಇತ್ತು. ರಿಪೇರಿಗೆ ಒಯ್ದರೆ ಅಲ್ಲೂ ಚಲೋ ನಡೀತದೆ. ಹಿಂಗಿದ್ದಾಗ ದೋಷ ಪ್ರಿಂಟರಿನದ್ದಾಗಿರದೆ, ಬಜಾರಿನ ಗಾಳಿಯಲ್ಲಿರೋ ದಟ್ಟಣೆಯದ್ದೂ ಆಗಿರಬಹುದು.

ಬ್ಲೂಟೂತ್ ಮತ್ತು ಬಹಳಷ್ಟು ವೈಫೈ ಎರಡೂ ಓಡೋದು 2.4 ಗಿಗಾಹರ್ಟ್ಸ್ ಅನ್ನೋ ಒಂದೇ ತರಂಗಪಟ್ಟಿಯಲ್ಲಿ. ಭಾರತದಲ್ಲಿ 2005ರಿಂದ ಇದಕ್ಕೆ ಲೈಸೆನ್ಸ್ ಬೇಕಿಲ್ಲ. ಪುಕ್ಕಟೆ ಜಾಗ ಅಂದಮೇಲೆ ಕೇಳಬೇಕೆ, ಎಲ್ಲರೂ ಅಲ್ಲೇ. ಬೇಕರಿಯ ಮೈಕ್ರೋವೇವ್ ಓವನ್ ಕೂಡ ಅದೇ ಪಟ್ಟಿಯಲ್ಲಿ ಗದ್ದಲ ಹಾಕ್ತದೆ.

ಸಾಮಾನ್ಯ ಬಿಲ್ ಪ್ರಿಂಟರಿನ ಬ್ಲೂಟೂತ್ ಈ ಪಟ್ಟಿಯನ್ನು 79 ಸಣ್ಣ ದಾರಿಗಳಾಗಿ ಹಂಚಿಕೊಂಡು, ಸೆಕೆಂಡಿಗೆ 1600 ಸಲದವರೆಗೆ ದಾರಿ ಬದಲಿಸ್ತದೆ. ಮುಂದಿನ ಜಿಗಿತ ಎಲ್ಲಿಗೆ ಅನ್ನೋದು ಫೋನಿಗೂ ಪ್ರಿಂಟರಿಗೂ ಮೊದಲೇ ಗೊತ್ತಿರ್ತದೆ. ಜಿಗಿತದ ಉಪಾಯ ಹಳೇದೇ. ಸಿನಿಮಾ ನಟಿ ಹೆಡಿ ಲಮಾರ್ ಮತ್ತು ಸಂಗೀತಗಾರ ಜಾರ್ಜ್ ಆಂಥೈಲ್ 1942ರಲ್ಲೇ ಅಮೆರಿಕದಲ್ಲಿ ಇಂಥದ್ದೊಂದಕ್ಕೆ ಪೇಟೆಂಟ್ ಪಡೆದಿದ್ದರು.

ಆದರೆ ಕಣ್ಣುಮುಚ್ಚಿ ಜಿಗಿದರೆ ಏನು ಬಂತು? ಕಬ್ಬಿನ ಸೀಜನ್ನಿನ ನಮ್ಮ ರಸ್ತೆ ನೆನಪು ಮಾಡ್ಕೊಳ್ಳಿ. ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ಎದುರಿಗೆ ನಿಂತಿದ್ದರೆ ಬೈಕ್ ಸವಾರ ಮತ್ತೆ ಮತ್ತೆ ಅದೇ ದಾರಿಗೆ ನುಗ್ತಾನೇನ್ರಿ? ವೈಫೈ ಆ ಟ್ರ್ಯಾಕ್ಟರ್ ಇದ್ದಂಗೆ, ಒಂದೇ ಚಾನೆಲ್ಲಿಗೆ ಬ್ಲೂಟೂತಿನ ಸುಮಾರು 20 ದಾರಿ ಹಿಡೀತದೆ. ಅದಕ್ಕೇ 2003ರ ಬ್ಲೂಟೂತ್ 1.2ರಲ್ಲಿ ‘ಅಡಾಪ್ಟಿವ್ ಫ್ರೀಕ್ವೆನ್ಸಿ ಹಾಪಿಂಗ್’ ಬಂತು. ಯಾವ ದಾರಿಯಲ್ಲಿ ಕಳಿಸಿದ್ದು ಪದೇಪದೇ ಕೆಡ್ತದೋ ಅದನ್ನು ಪಟ್ಟಿಯಿಂದ ತೆಗೆದು, ಆ ಬದಲಾವಣೆಯನ್ನು ಆಚೆ ಸಾಧನಕ್ಕೂ ತಿಳಿಸಿ, ಉಳಿದ ದಾರಿಗಳಲ್ಲಷ್ಟೇ ಜಿಗಿಯೋ ಪದ್ಧತಿ ಇದು. ದಾರಿ ತೆರವಾದರೆ ಮತ್ತೆ ಸೇರಿಸ್ಕೊಳ್ತದೆ.

ಇದಕ್ಕೂ ಮಿತಿ ಇದೆ. ಕನಿಷ್ಠ 20 ದಾರಿ ಇಟ್ಟುಕೊಳ್ಳಲೇಬೇಕು. ಸಾಲು ಅಂಗಡಿಗಳಲ್ಲಿ ವೈಫೈಗಳು 1, 6, 11ನೇ ಚಾನೆಲ್ ಮೂರನ್ನೂ ತುಂಬಿಬಿಟ್ಟರೆ ಹೆಚ್ಚುಕಡಿಮೆ ಅಷ್ಟೇ ಉಳಿಯೋದು. ಅದರ ಮೇಲೆ ಯಾರಾದರೂ ರೂಟರ್‌ನಲ್ಲಿ 40 ಮೆಗಾಹರ್ಟ್ಸ್ ಅಗಲ ಇಟ್ಟರೆ ಅವರೊಬ್ಬರೇ ಅರ್ಧ ಪಟ್ಟಿ ನುಂಗ್ತಾರೆ.

ಹಾಗಾಗಿ ಮೊದಲು ಫೋನಿನ ವೈಫೈ ಬಂದ್ ಮಾಡಿ, ಮೊಬೈಲ್ ಡೇಟಾದಲ್ಲಿ ಒಂದೆರಡು ದಿನ ಬಿಲ್ ತೆಗೆದು ನೋಡಿ. ಸಲೀಸಾಗಿ ಬಂದರೆ ಪ್ರಿಂಟರಿಗೆ ದುಡ್ಡು ಸುರಿಯೋದು ಬೇಡ. ರೂಟರ್‌ನಲ್ಲಿ 5 ಗಿಗಾಹರ್ಟ್ಸ್ ಇದ್ದರೆ ಫೋನನ್ನು ಅದಕ್ಕೇ ಹಾಕಿ. ಗೋಡೆ ದಾಟೋ ಶಕ್ತಿ ಅದಕ್ಕೆ ಕಡಿಮೆ, ಆದರೂ ಗಲ್ಲಾದ ಹತ್ತಿರ ಸಾಕಾಗ್ತದೆ. ಇಲ್ಲದಿದ್ದರೆ ಚಾನೆಲ್ ಅಗಲವನ್ನು 20ಕ್ಕೆ ಇಳಿಸಿ. ರೂಟರ್ ಪಕ್ಕದಲ್ಲೇ ಪ್ರಿಂಟರ್ ಇಡೋ ರೂಢಿ ಬಿಡಿ, ನಾಲ್ಕೈದು ಅಡಿ ದೂರ ಇರಲಿ. ಫೋನು ಮಾತ್ರ ಪ್ರಿಂಟರಿಗೆ ಹತ್ತಿರ ಇರಬೇಕು.

ಹಾಂ, ದುಡ್ಡು ಬಂದಾಗ ಕೂಗೋ ಸೌಂಡ್‌ಬಾಕ್ಸಿಗೆ ಈ ಉಪಾಯ ಅನ್ವಯಿಸೋದಿಲ್ಲ. ಹೆಚ್ಚಿನವು ಸಿಮ್ ಮೇಲೆ ನಡೀತಾವೆ. ಅದು ತಡವಾಗಿ ಕೂಗಿದರೆ ಮೊದಲು ನೋಡಬೇಕಾದ್ದು ಟವರ್ ಸಿಗ್ನಲ್ಲು.