ಬಿಡಲೂ ಆಗದು, ಇರಲೂ ಆಗದು: ಒಗ್ಗದ ಕೆಲಸದ ಇಬ್ಬಂದಿ

ಒಗ್ಗದ ಕಚೇರಿ ಕೆಲಸವನ್ನು ಬಿಟ್ಟುಬಿಡಬೇಕು ಎನ್ನುವ ಆಸೆಯೂ ಬಿಟ್ಟರೆ ಹೇಗೆ ಎನ್ನುವ ಅಳುಕೂ ಒಬ್ಬರ ಮನಸ್ಸಿನಲ್ಲಿ ವರ್ಷಗಟ್ಟಲೆ ಜೊತೆಗಿರಬಲ್ಲವು. ಸುತ್ತಲಿನವರು ಇದನ್ನು ಚಂಚಲತೆ ಎಂದೋ ಹೇಡಿತನ ಎಂದೋ ಕರೆಯುವುದುಂಟು. ಆದರೆ ಈ ಇಬ್ಬಂದಿಗೆ ಗಟ್ಟಿ ಕಾರಣಗಳಿವೆ. ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಸಂಗಡಿಗರು ಪಿಟ್ಸ್‌ಬರ್ಗ್‌ನ ಸುಮಾರು 200 ಎಂಜಿನಿಯರುಗಳನ್ನೂ ಲೆಕ್ಕಿಗರನ್ನೂ ಮಾತನಾಡಿಸಿ 1959ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸಂಬಳ, ಭದ್ರತೆ, ಮೇಲಧಿಕಾರಿಯ ನಡವಳಿಕೆ ಸರಿಯಿದ್ದರೆ ಅಸಮಾಧಾನ ತಗ್ಗುತ್ತದೆ. ತೃಪ್ತಿ ಹುಟ್ಟುವುದು ಮಾತ್ರ ಸಾಧನೆ, ಹೊಣೆ ಮತ್ತು ಬೆಳವಣಿಗೆಯಿಂದ ಎಂದು ಅವರು ವಾದಿಸಿದರು. ಕೈತುಂಬ ಸಂಬಳ ಬಂದರೂ ಕೆಲಸ ಸಪ್ಪೆಯೆನಿಸುವುದು ಇದರಿಂದಲೇ.

ಈ ಇಬ್ಬಂದಿಗೆ ತಲೆಮಾರುಗಳ ಅಂತರವೂ ಸೇರುತ್ತದೆ. ದಕ್ಷಿಣ ಬೆಂಗಳೂರಿನ ಬಿಳೇಕಹಳ್ಳಿಯಲ್ಲಿ ಉದ್ಯೋಗದ ಎರಡು ಕಾಲಗಳು ಅಕ್ಕಪಕ್ಕದಲ್ಲಿವೆ. ಇಲ್ಲಿನ ವಿಜಯಾ ಬ್ಯಾಂಕ್ ಬಡಾವಣೆಗೆ 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಬ್ಯಾಂಕಿನ ಹೆಸರು. ಬ್ಯಾಂಕ್ ಕೆಲಸ ಸಿಕ್ಕರೆ ನಿವೃತ್ತಿಯವರೆಗೂ ಅಲ್ಲೇ ಎಂಬುದು ಹಿಂದಿನ ತಲೆಮಾರಿನ ನಂಬಿಕೆಯಾಗಿತ್ತು. ಆ ಬ್ಯಾಂಕೇ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಪಕ್ಕದ ಬನ್ನೇರುಘಟ್ಟ ರಸ್ತೆಯಲ್ಲಿ ಈಗ ಸಾಫ್ಟ್‌ವೇರ್ ಕಂಪನಿಗಳ ಸಾಲು. ಕೆಲವು ವರ್ಷಕ್ಕೊಮ್ಮೆ ಕಂಪನಿ ಬದಲಿಸುವುದು ಅಲ್ಲಿ ಮಾಮೂಲು. ‘ಸಿಕ್ಕಿರೋ ಕೆಲಸ ಬಿಡಬೇಡಪ್ಪ’ ಎಂಬ ಹಿರಿಯರ ಮಾತು, ‘ಇನ್ನೂ ಅಲ್ಲೇ ಇದ್ದೀಯಾ?’ ಎಂಬ ಗೆಳೆಯರ ಪ್ರಶ್ನೆ, ಎರಡೂ ಒಬ್ಬರದೇ ಕಿವಿಗೆ ಬೀಳುತ್ತವೆ.

ಕೆಲಸದಲ್ಲಿ ಉಳಿಯುವುದಕ್ಕೆ ಮೂರು ಬಗೆಯ ಕಾರಣಗಳಿವೆ ಎಂದು ಕೆನಡಾದ ಮನಶ್ಶಾಸ್ತ್ರಜ್ಞರಾದ ಜಾನ್ ಮೇಯರ್ ಮತ್ತು ನಟಾಲಿ ಆಲೆನ್ 1991ರಲ್ಲಿ ವಿಂಗಡಿಸಿದರು: ಒಲವು, ನಷ್ಟದ ಲೆಕ್ಕ, ಋಣದ ಭಾವ. ಒಲವು ಬತ್ತಿದ ಮೇಲೂ ಉಳಿದೆರಡು ಹಿಡಿದಿಡುತ್ತವೆ. ಕಷ್ಟಕಾಲದಲ್ಲಿ ರಜೆ ಕೊಟ್ಟ ಮ್ಯಾನೇಜರು, ಒಟ್ಟಿಗೆ ಊಟಕ್ಕೆ ಕೂರುವ ತಂಡ ಋಣದ ಕಡೆ ಎಳೆಯುತ್ತಾರೆ.

ನಷ್ಟದ ಲೆಕ್ಕದಲ್ಲಿ ಮೊದಲು ಬರುವುದು ಮನೆ ಸಾಲದ ಇಎಂಐ. ಮುಂದಿನದು ಕೆಲಸ ಬಿಡುವಾಗ ಸಿಗುವ ಇಡುಗಂಟಾದ ಗ್ರಾಚ್ಯುಟಿ. 1972ರ ಕಾಯ್ದೆಯಿಂದ ಬಂದ ನಿಯಮದಂತೆ ಕಾಯಂ ನೌಕರರಿಗೆ ಸಾಮಾನ್ಯವಾಗಿ ಸತತ 5 ವರ್ಷದ ಸೇವೆ ಬೇಕು. ಕೊನೆಯ ತಿಂಗಳ ವೇತನವನ್ನು (ಮುಖ್ಯವಾಗಿ ಮೂಲ ವೇತನ ಮತ್ತು ತುಟ್ಟಿಭತ್ಯೆ) 15ರಿಂದಲೂ ಸೇವೆಯ ವರ್ಷಗಳಿಂದಲೂ ಗುಣಿಸಿ 26ರಿಂದ ಭಾಗಿಸಬೇಕು. ಆ ತಿಂಗಳ ವೇತನ 40,000 ರೂಪಾಯಿ ಇದ್ದವರಿಗೆ 5 ವರ್ಷಕ್ಕೆ ಸುಮಾರು 1,15,000 ರೂಪಾಯಿ ಬರುತ್ತದೆ. ನಾಲ್ಕು ವರ್ಷ ಕಳೆದವರು ಇನ್ನೊಂದು ವರ್ಷ ಹಲ್ಲುಕಚ್ಚಿ ಕೂರುವುದಕ್ಕೆ ಇದೂ ಕಾರಣ. ಪಿಎಫ್ ಪಿಂಚಣಿಗೆ 10 ವರ್ಷ ಬೇಕಾದರೂ ಖಾತೆ ವರ್ಗಾಯಿಸಿಕೊಂಡರೆ ಹಳೆಯ ಕಂಪನಿಯ ಸೇವೆಯೂ ಸೇರುತ್ತದೆ. ಸಕ್ಕರೆ ಕಾಯಿಲೆ, ಬಿಪಿ ಇರುವ ತಂದೆತಾಯಿ ಕಂಪನಿಯ ವಿಮೆಯಲ್ಲಿದ್ದರೆ ಚಿಂತೆ ಇನ್ನೂ ದೊಡ್ಡದು. ಹೊಸ ವೈಯಕ್ತಿಕ ಪಾಲಿಸಿಯಲ್ಲಿ ಮೊದಲೇ ಇರುವ ಕಾಯಿಲೆಗೆ 3 ವರ್ಷದವರೆಗೂ ಕಾಯಬೇಕಾಗಬಹುದು. ಗುಂಪು ವಿಮೆಯಿಂದ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಹೊರಳುವ ದಾರಿಯನ್ನು ರಾಜೀನಾಮೆಗೆ ಮುಂಚೆಯೇ ವಿಚಾರಿಸುವುದು ಒಳ್ಳೆಯದು.

ಈ ಲೆಕ್ಕಕ್ಕೆ ಭಯವೂ ಸೇರುತ್ತದೆ. ಅಷ್ಟೇ ಮೊತ್ತದ ಲಾಭಕ್ಕಿಂತ ನಷ್ಟವೇ ಮನಸ್ಸಿಗೆ ಹೆಚ್ಚು ಭಾರವೆಂದು ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನಮನ್ ಮತ್ತು ಅಮೋಸ್ ಟ್ವೆರ್ಸ್ಕಿ 1979ರಲ್ಲಿ ತೋರಿಸಿದರು. ಕೈಯಲ್ಲಿರುವ ಸಂಬಳ ಕಣ್ಣಿಗೆ ಕಾಣುತ್ತದೆ, ಮುಂದೆ ಸಿಗಬಹುದಾದ ನೆಮ್ಮದಿ ಕಾಣುವುದಿಲ್ಲ. ಹಾಗಾಗಿ ಬಿಡುವ ಮಾತು ಪ್ರತಿ ಅಪ್ರೈಸಲ್‌ನ ಆಚೆಗೆ ಮುಂದೂಡಲ್ಪಡುತ್ತದೆ.

ಬೇಸರ ಮತ್ತು ಬಳಲಿಕೆ ಒಂದೇ ಅಲ್ಲ. ನಿಭಾಯಿಸಲಾಗದ ಕೆಲಸದ ಒತ್ತಡದಿಂದ ಬರುವ ಬಳಲಿಕೆಗೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಮೂರು ಲಕ್ಷಣ ಗುರುತಿಸಿತು: ಶಕ್ತಿ ಬಸಿದುಹೋಗುವುದು, ಕೆಲಸದಿಂದ ಮನಸ್ಸು ದೂರವಾಗುವುದು, ಕೈಯಿಂದ ಏನೂ ಆಗುತ್ತಿಲ್ಲವೆನಿಸುವುದು. ನಿದ್ದೆ, ಊಟ ಕೆಟ್ಟರೆ ನೆರವು ಪಡೆಯಲೇಬೇಕು. 2022ರಲ್ಲಿ ಆರಂಭವಾದ, ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ಉಚಿತವಾಗಿ ಮಾತನಾಡಬಹುದು.

ಇರುವುದು, ಬಿಡುವುದು ಎರಡರ ನಡುವೆಯೂ ದಾರಿಗಳಿವೆ. ಇರುವ ಕೆಲಸದಲ್ಲೇ ಹೊಣೆಗಳನ್ನು ಬದಲಿಸಿಕೊಡಿ ಎಂದು ಕೇಳುವುದು, ಬೇರೆ ತಂಡಕ್ಕೆ ಹೋಗುವುದು, ಹೊಸ ವಿದ್ಯೆ ಕಲಿಯುವುದು ಅಂಥವು. ಕೆಲಸದ ಹೊರಗೂ ಬದುಕಿಗೆ ಅರ್ಥ ಕಟ್ಟಿಕೊಳ್ಳಬಹುದು. ‘ಶಿಕಾರಿ’ ಕಾದಂಬರಿಯ ಯಶವಂತ ಚಿತ್ತಾಲರು ಮುಂಬೈಯಲ್ಲಿ ಕಂಪನಿಯ ಉದ್ಯೋಗ ಮಾಡುತ್ತಲೇ ಬರೆದರು. ವಸುಧೇಂದ್ರ ಸಾಫ್ಟ್‌ವೇರ್ ಉದ್ಯೋಗದಲ್ಲಿದ್ದಾಗಲೇ ಬರೆಯುತ್ತ, ಛಂದ ಪುಸ್ತಕ ಪ್ರಕಾಶನ ಕಟ್ಟಿ, ಆಮೇಲೆ ಪೂರ್ಣಾವಧಿ ಬರಹಕ್ಕೆ ಹೊರಳಿದರು.

ಹಣ, ಭಯ, ಋಣ ಮೂರನ್ನೂ ಬಿಡಿಬಿಡಿಯಾಗಿ ನೋಡಿದರೆ ನಿರ್ಧಾರ ಸುಲಭವಾಗುತ್ತದೆ. ಹಣದ ಅಡ್ಡಿಗೆ ಕೆಲವು ತಿಂಗಳ ಖರ್ಚಿನ ಉಳಿತಾಯ ಮತ್ತು ಸ್ವಂತ ಆರೋಗ್ಯ ವಿಮೆ ಬೇಕು. ಭಯವನ್ನು ಹೊರಗಿನ ಒಂದೆರಡು ಸಂದರ್ಶನಗಳಲ್ಲಿ ಪರೀಕ್ಷಿಸಬಹುದು. ನೋಟಿಸ್ ಪೀರಿಯಡ್‌ನಲ್ಲಿ ಕೆಲಸವನ್ನು ಅಚ್ಚುಕಟ್ಟಾಗಿ ಒಪ್ಪಿಸಿ ಬಂದರೆ ಋಣ ತೀರಿದಂತೆ. ಮನೆಯ ಅಗತ್ಯಕ್ಕಾಗಿ ಸದ್ಯ ಉಳಿಯುವುದೂ ಗೌರವದ ತೀರ್ಮಾನವೇ. ಎಷ್ಟು ಕಾಲ, ಯಾತಕ್ಕಾಗಿ ಎಂಬುದನ್ನು ಮಾತ್ರ ತಾವೇ ಗೊತ್ತುಮಾಡಿಕೊಂಡಿರಬೇಕು.