ಸೋಡಾ ಉಂಡ ಗೂಡಿನೊಳಗೆ

ಪುದುಚೇರಿಯಿಂದ ಆರೋವಿಲ್ ಕಡೆಗೆ ಹೊರಟರೆ ಕೆಮ್ಮಣ್ಣಿನ ದಾರಿ, ಗೋಡಂಬಿ ಮತ್ತು ಸರ್ವೆ ತೋಪುಗಳು, ಅಲ್ಲಲ್ಲಿ ಕುಂಬಾರಿಕೆಯ ಸ್ಟುಡಿಯೊಗಳು. ಕುಂಬಾರಿಕೆ ಕಲಾವಿದರಾದ ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ 1971ರಲ್ಲಿ ಪುದುಚೇರಿಯಲ್ಲಿ ಗೋಲ್ಡನ್ ಬ್ರಿಡ್ಜ್ ಪಾಟರಿ ಆರಂಭಿಸಿದ ಮೇಲೆ ಸ್ಟೋನ್‌ವೇರ್, ಅಂದರೆ ಹೆಚ್ಚಿನ ಶಾಖದಲ್ಲಿ ಸುಟ್ಟ ಗಟ್ಟಿ ಪಾತ್ರೆಗಳ ಕಲೆ, ಈ ಸೀಮೆಯಲ್ಲಿ ಬೇರೂರಿತು. ಇಲ್ಲಿನ ಒಂದು ಸ್ಟುಡಿಯೊದ ಹಿತ್ತಲಿಗೆ ನಾನು ಹೋದದ್ದು ಸೋಡಾ ಗೂಡು, ಅಂದರೆ ಸೋಡಾ ಆವಿಯಿಂದ ಮಡಕೆಗೆ ಮೆರುಗು ಕೊಡುವ ಸುಡುಗೂಡು, ನೋಡಲೆಂದೇ.

ತಗಡಿನ ಚಪ್ಪರದಡಿ ಆಳೆತ್ತರದ ಕಮಾನು, ಹಿಂದೆ ಚಿಮಣಿ, ಬುಡದಲ್ಲಿ ಗ್ಯಾಸ್ ಬರ್ನರ್. ಕದ ಇಲ್ಲ. ಪ್ರತಿ ಸಲವೂ ಇಟ್ಟಿಗೆ ಜೋಡಿಸಿ ಬಾಯಿ ಮುಚ್ಚುತ್ತಾರೆ, ತಣಿದ ಮೇಲೆ ಬಿಚ್ಚುತ್ತಾರೆ. ಬಗ್ಗಿ ಒಳಗೋಡೆಯ ಮೇಲೆ ಕೈಯಾಡಿಸಿದೆ. ಇಟ್ಟಿಗೆಯ ತರಿ ಸಿಗಲಿಲ್ಲ, ಮೇಲೆಲ್ಲ ಗಾಜು ಕಟ್ಟಿದೆ. ಬರ್ನರ್ ಬಾಯಿಯ ಹತ್ತಿರ ಹಸಿರುಗಂದು ಹನಿಗಳು ಇಳಿದು ಗಟ್ಟಿಯಾಗಿವೆ.

ಇದು ಸೋಡಿಯಂನ ಕೆಲಸ. ಶಾಖ ಸುಮಾರು 1,250 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ, ನೀರಿನಲ್ಲಿ ಕರಗಿಸಿದ ಸೋಡಾವನ್ನು (ಸೋಡಿಯಂ ಕಾರ್ಬೊನೇಟ್) ಗೋಡೆಯ ಕಿಂಡಿಗಳಿಂದ ಒಳಗೆ ಸಿಂಪಡಿಸುತ್ತಾರೆ. ಅದರ ಆವಿ ಜ್ವಾಲೆಯ ಜೊತೆ ಹರಿದು ಜೇಡಿಮಣ್ಣಿನ ಸಿಲಿಕಾ, ಅಲ್ಯುಮಿನಾಗಳನ್ನು ಸೇರಿ ಮೆರುಗಾಗುತ್ತದೆ. ಉರಿ ಸೋಕಿದ ಮಗ್ಗುಲಲ್ಲಿ ಕಿತ್ತಳೆ ಸಿಪ್ಪೆಯಂಥ ಮೈ ಏಳುತ್ತದೆ, ಮರೆಯಲ್ಲಿದ್ದ ಮಗ್ಗುಲು ಒಣದಾಗಿಯೇ ಉಳಿಯುತ್ತದೆ. ಒಳಗಿಟ್ಟ ಮಣ್ಣಿನ ಉಂಗುರಗಳನ್ನು ಕಬ್ಬಿಣದ ಸರಳಿನಿಂದ ಒಂದೊಂದಾಗಿ ಹೊರಗೆಳೆದು, ಸೋಡಾ ಸಾಕೋ ಇನ್ನೂ ಬೇಕೋ ಎಂದು ತೀರ್ಮಾನಿಸುತ್ತಾರೆ. ಜರ್ಮನಿಯ ರೈನ್ ಸೀಮೆಯ ಕುಂಬಾರರು ಶತಮಾನಗಳ ಹಿಂದೆಯೇ ಉಪ್ಪಿನಿಂದ ಇಂಥ ಮೆರುಗು ತರುತ್ತಿದ್ದರು. ಉಪ್ಪಿನಿಂದ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಬರುತ್ತದೆ. ಸೋಡಾದಲ್ಲಿ ಕ್ಲೋರಿನ್ ಇಲ್ಲ. ಆ ಕಾರಣಕ್ಕೇ 1970ರ ದಶಕದಲ್ಲಿ ಅಮೆರಿಕದ ಕುಂಬಾರರು ಸೋಡಾದತ್ತ ಹೊರಳಿದರು.

ಮಡಕೆಗೆ ಮೆರುಗು ಕೊಡುವ ಸೋಡಿಯಂ ಗೂಡನ್ನೂ ತಿನ್ನುತ್ತದೆ. ಕೈಗೆ ಹಗುರವಾದ, ಶಾಖ ತಡೆಯುವ ಇಟ್ಟಿಗೆಯನ್ನು ಒಳಮೈಗೆ ಹಾಕಿದರೆ ಬೇಗ ಕೊರೆದುಹೋಗುತ್ತದೆ. ಅದಕ್ಕೇ ಇಲ್ಲಿ ಒಳಗಡೆ ಭಾರದ, ಗಟ್ಟಿ ಉರಿ ಇಟ್ಟಿಗೆ, ಹೊರಗಡೆ ಹಗುರದ್ದು. ಸಿಲಿಕಾನ್ ಕಾರ್ಬೈಡ್ ಹಲಗೆಗಳಿಗೆ ಅಲ್ಯುಮಿನಾ ಮತ್ತು ಕಯೋಲಿನ್ ಲೇಪ, ಪ್ರತಿ ಪಾತ್ರೆಯ ಅಡಿಯಲ್ಲಿ ಅದೇ ಮಿಶ್ರಣದ ಗೋಲಿಗಳು. ಇಲ್ಲದಿದ್ದರೆ ಪಾತ್ರೆ ಹಲಗೆಗೆ ಅಂಟಿಕೊಂಡುಬಿಡುತ್ತದೆ. ವಿದ್ಯುತ್ ಗೂಡಿನಲ್ಲಿ ಈ ಕೆಲಸ ಸಲ್ಲದು, ಸೋಡಾ ಆವಿ ಅದರ ತಂತಿ ಸುರುಳಿಗಳನ್ನೇ ಹಾಳುಮಾಡುತ್ತದೆ.

ಗೂಡು ಕಟ್ಟಿಸುವ, ಇಲ್ಲವೇ ಹಳೆಯದನ್ನು ಕೊಳ್ಳುವ ಆಸೆಯಿರುವವರಿಗೆ ನನ್ನ ಮಾತು ಇಷ್ಟೇ. ಒಮ್ಮೆ ಸೋಡಾ ಉಂಡ ಗೂಡು ಮುಂದೆಯೂ ಸೋಡಾ ಗೂಡೇ. ಗೋಡೆಯಲ್ಲಿ ಇಂಗಿದ ಸೋಡಿಯಂ ಮುಂದಿನ ಸುಡುವಿಕೆಗಳಲ್ಲಿಯೂ ಆವಿಯಾಗಿ ಪಾತ್ರೆಗಳ ಮೇಲೆ ಕೂರುತ್ತದೆ. ಬೇರೆ ಮೆರುಗಿನ ಕೆಲಸಕ್ಕೆ ಬೇರೆ ಗೂಡೇ ಬೇಕು. ಹಳೆಯ ಗೂಡು ಕೊಳ್ಳುವಾಗ ಚೌಕಟ್ಟಿನ ಬಣ್ಣಕ್ಕೆ ಮರುಳಾಗದೆ ಒಳಗೆ ತಲೆ ಹಾಕಿ ಕಮಾನಿನ ಇಟ್ಟಿಗೆ ನೋಡಿ. ಹೊಸದಾಗಿ ಕಟ್ಟಿಸುವುದಾದರೆ ಹಣದ ಹೆಚ್ಚಿನ ಪಾಲನ್ನು ಒಳಮೈಯ ಇಟ್ಟಿಗೆಗೇ ಇಡಿ. ಗೂಡು ಬಾಳುವುದು ಅದರಿಂದಲೇ.